ಬೇಡ ಬೇಡ ಎನ್ನುತ್ತಲೇ ಜತೆಗೆ ನಿಂತವಳು

ಮಕ್ಕಳೇ, ಈ ಪುಟವನ್ನು ಅಜ್ಜಿಯೋ ಅಜ್ಜನೋ ನಿಮಗೆ ಓದಿ ಹೇಳುತ್ತಿದ್ದರೆ, ಮೊದಲು ಅವರನ್ನು ಒಂದು ಮಾತು ಕೇಳಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಅವರು ಚಿಕ್ಕವರಿದ್ದಾಗ ಎಷ್ಟು ಸಲ ಕೇಳಿಸಿಕೊಂಡಿದ್ದರು? ಕೇಳಿದಾಗ ಅವರಿಗೆ ಖುಷಿಯಾಗುತ್ತಿತ್ತೋ, ಸಿಟ್ಟು ಬರುತ್ತಿತ್ತೋ? ಉತ್ತರ ಏನೇ ಬರಲಿ, ನೆನಪಿಟ್ಟುಕೊಳ್ಳಿ. ಈ ವಾರ ನಾವು ಮಾತಾಡಿಸಲು ಹೊರಟಿರುವುದು ಈ ಗಾದೆಯೇ ಸೀರೆಯ ಬದಲು ಗೌನು ತೊಟ್ಟು ಬಂದಂತಿರುವ ಒಬ್ಬ ಹೆಂಗಸನ್ನು. ಆಕೆಯ ಹೆಸರು ಮಿಸೆಸ್ ಬಟರ್‌ಫೀಲ್ಡ್.

ಈ ಬಟರ್‌ಫೀಲ್ಡ್ ಕಥೆಯ ನಾಯಕಿಯಲ್ಲ. ನಾಯಕಿಯ ಪಕ್ಕದ ಮನೆಯವಳು. ಕಥೆ ಬರೆದವರು ಪಾಲ್ ಗ್ಯಾಲಿಕೊ. 1897ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು ಮೊದಲು ಪತ್ರಿಕೆಗೆ ಆಟೋಟದ ವರದಿ ಬರೆಯುತ್ತಿದ್ದರು, ಆಮೇಲೆ ಕಾದಂಬರಿಕಾರರಾದರು. 1958ರಲ್ಲಿ ಅವರು ಬರೆದ ಪುಟ್ಟ ಕಾದಂಬರಿಯ ಹೆಸರು ‘ಮಿಸೆಸ್ ಆರಿಸ್ ಗೋಸ್ ಟು ಪ್ಯಾರಿಸ್’. ನಾಯಕಿಯ ನಿಜವಾದ ಹೆಸರು ಹ್ಯಾರಿಸ್. ಆದರೆ ಲಂಡನ್ನಿನ ದುಡಿಯುವ ಜನರ ಆಡುಮಾತಿನಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗುತ್ತದೆ. ನಮ್ಮ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುತ್ತದಲ್ಲ, ಹಾಗೆ. ಹೆಸರಿನಲ್ಲೇ ಗ್ಯಾಲಿಕೊ ನಮಗೆ ಹೇಳಿಬಿಡುತ್ತಾರೆ: ಇದು ಮಹಾರಾಣಿಯ ಕಥೆಯಲ್ಲ, ಮನೆಗೆಲಸದವಳ ಕಥೆ.

ಏಡಾ ಹ್ಯಾರಿಸ್ ಲಂಡನ್ನಿನ ಬ್ಯಾಟರ್‌ಸೀ ಎಂಬಲ್ಲಿರುವ ವಿಧವೆ. ವಯಸ್ಸು ಅರುವತ್ತರ ಹತ್ತಿರ. ಸಣ್ಣ ಮೈಕಟ್ಟು, ಚುರುಕು ಕಣ್ಣು. ದಿನವಿಡೀ ಬೇರೆಯವರ ಮನೆಗಳಲ್ಲಿ ನೆಲ ಒರೆಸುವುದು, ಪಾತ್ರೆ ತೊಳೆಯುವುದು, ಹಾಸಿಗೆ ಸರಿಪಡಿಸುವುದು. ತನ್ನ ಮನೆಯ ಕಿಟಕಿಯಲ್ಲಿ ಹೂಗಿಡ ಬೆಳೆಸುವುದೊಂದೇ ಆಕೆಯ ಐಷಾರಾಮ. ಬಟರ್‌ಫೀಲ್ಡ್ ಕೂಡ ಅದೇ ಕೆಲಸದವಳು. ನೋಡಲು ಮಾತ್ರ ತದ್ವಿರುದ್ಧ: ದಪ್ಪ ಮೈ, ನಿಧಾನದ ನಡಿಗೆ. ಸ್ವಭಾವವಂತೂ ಇನ್ನೂ ತದ್ವಿರುದ್ಧ. ಹ್ಯಾರಿಸ್‌ಗೆ ಎಲ್ಲವೂ ಆಗುತ್ತದೆ ಎಂಬ ನಂಬಿಕೆ. ಬಟರ್‌ಫೀಲ್ಡ್‌ಗೆ ಯಾವುದೂ ಆಗುವುದಿಲ್ಲ ಎಂಬ ಖಾತ್ರಿ. ಆದರೂ ಸಂಜೆ ಕೆಲಸ ಮುಗಿದ ಮೇಲೆ ಇಬ್ಬರೂ ಕೂಡಿ ಚಹಾ ಕುಡಿಯುವುದು ತಪ್ಪುತ್ತಿರಲಿಲ್ಲ.

ಒಂದು ದಿನ ಹ್ಯಾರಿಸ್ ತಾನು ಕೆಲಸ ಮಾಡುವ ಶ್ರೀಮಂತರ ಮನೆಯೊಂದರ ಕಪಾಟಿನಲ್ಲಿ ಎರಡು ಗೌನುಗಳನ್ನು ನೋಡುತ್ತಾಳೆ. ಹೊಲಿದದ್ದು ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಸಂಸ್ಥೆ. ನೋಡಿದ್ದೇ ತಡ, ಆಕೆಗೆ ಹೊಟ್ಟೆಯಲ್ಲಿ ಏನೋ ತಳಮಳ. ಇಂಥದ್ದೊಂದು ನನ್ನದಾಗಬೇಕು! ಬೆಲೆ ಎಷ್ಟು? 450 ಪೌಂಡು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕಾಗದ ಪೆನ್ಸಿಲ್ ತನ್ನಿ. ಆಗಿನ ಬ್ರಿಟನ್ನಿನಲ್ಲಿ ಒಂದು ಪೌಂಡಿಗೆ 20 ಶಿಲ್ಲಿಂಗು, ಒಂದು ಶಿಲ್ಲಿಂಗಿಗೆ 12 ಪೆನ್ಸು. ನಮ್ಮಲ್ಲಿ ರೂಪಾಯಿಗೆ 16 ಆಣೆ ಇದ್ದಂತೆ. 1957ರ ಏಪ್ರಿಲ್ 1ರಂದು ನಮ್ಮಲ್ಲಿ ನಯಾಪೈಸೆ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ಹಿರಿಯ ಅಜ್ಜಂದಿರಿಗೆ ಆ ಗಲಿಬಿಲಿ ಇನ್ನೂ ನೆನಪಿರಬಹುದು. ಬ್ರಿಟಿಷರು ಶಿಲ್ಲಿಂಗನ್ನು ಬಿಟ್ಟು ನೂರರ ಲೆಕ್ಕಕ್ಕೆ ಬಂದದ್ದು 1971ರಲ್ಲಿ, ನಮಗಿಂತ ಹದಿನಾಲ್ಕು ವರ್ಷ ತಡವಾಗಿ. ಇರಲಿ. 450 ಪೌಂಡು ಅಂದರೆ 9,000 ಶಿಲ್ಲಿಂಗು. ಹ್ಯಾರಿಸ್‌ಗೆ ಗಂಟೆಗೆ ಸಿಗುತ್ತಿದ್ದದ್ದು 3 ಶಿಲ್ಲಿಂಗು. ಭಾಗಿಸಿದರೆ 3,000 ಗಂಟೆ. ದಿನಕ್ಕೆ ಹತ್ತು ಗಂಟೆ ದುಡಿದರೂ 300 ದಿನ. ಅದೂ ಊಟ, ಬಾಡಿಗೆ, ಕಲ್ಲಿದ್ದಲು ಯಾವುದಕ್ಕೂ ಒಂದು ಕಾಸು ಖರ್ಚು ಮಾಡದೆ ಇದ್ದರೆ!

ಈಗ ನೀವೇ ಬಟರ್‌ಫೀಲ್ಡ್ ಜಾಗದಲ್ಲಿ ಕೂತುಕೊಳ್ಳಿ. ಗೆಳತಿ ಬಂದು, ನೆಲ ಒರೆಸಿ ಗಳಿಸಿದ ದುಡ್ಡಿನಿಂದ ಡಿಯೋರ್ ಗೌನು ಕೊಳ್ಳುತ್ತೇನೆ ಎನ್ನುತ್ತಾಳೆ. ನೀವು ಏನು ಹೇಳುತ್ತೀರಿ? ಬಟರ್‌ಫೀಲ್ಡ್ ಕೂಡ ಅದನ್ನೇ ಕೇಳಿದಳು. ಅದನ್ನು ತೊಟ್ಟು ನೀನು ಹೋಗುವುದಾದರೂ ಎಲ್ಲಿಗೆ? ಹ್ಯಾರಿಸ್ ಕೊಟ್ಟ ಉತ್ತರದ ಸಾರ ಇಷ್ಟು: ಎಲ್ಲಿಗೂ ಇಲ್ಲ, ಅದು ನನ್ನ ಬಳಿ ಇರಬೇಕು, ಅಷ್ಟೇ.

ಉಡುಪಿನ ಲೋಕದ ಕಥೆಗಳಲ್ಲಿ ಇಂಥ ಒಬ್ಬ ಗೆಳತಿ ಇದ್ದೇ ಇರುತ್ತಾಳೆ. ಯಾಕೆ ಗೊತ್ತೇ? ಆ ಲೋಕ ಕಣ್ಣು ಕುಕ್ಕುವ ಲೋಕ. ದೀಪ, ಕನ್ನಡಿ, ರೇಷ್ಮೆ, ಬೆಡಗು. ಅದರ ಒಳಗೆ ಹೊಕ್ಕವರಿಗೆ ಎಲ್ಲವೂ ಸಹಜ ಎನಿಸತೊಡಗುತ್ತದೆ. ಆಗ ಹೊರಗೆ ನಿಂತು, ಕಾಲು ನೆಲದ ಮೇಲೆ ಊರಿಕೊಂಡು, ‘ಇದಕ್ಕೆ ಎಷ್ಟಾಯಿತು? ಯಾಕೆ ಬೇಕು?’ ಎಂದು ಕೇಳುವ ದನಿಯೊಂದು ಬೇಕಾಗುತ್ತದೆ. ಓದುವ ನಮ್ಮ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ. ಅದನ್ನು ಬಟರ್‌ಫೀಲ್ಡ್ ನಮ್ಮ ಪರವಾಗಿ ಕೇಳಿಬಿಡುತ್ತಾಳೆ.

ಆ ಲೋಕ ಎಷ್ಟು ಕಣ್ಣು ಕುಕ್ಕುತ್ತಿತ್ತು ಎಂಬುದನ್ನೂ ತಿಳಿದುಕೊಳ್ಳಿ. ಡಿಯೋರ್ ಎಂಬುದು ಕಥೆಗಾಗಿ ಕಟ್ಟಿದ ಹೆಸರಲ್ಲ. ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್ಸಿನ ಅವೆನ್ಯೂ ಮೋಂಟೆನ್ ಬೀದಿಯ 30ನೇ ನಂಬರಿನ ಕಟ್ಟಡದಲ್ಲಿ ತಮ್ಮ ಮೊದಲ ಉಡುಪುಗಳನ್ನು ತೋರಿಸಿದ್ದು 1947ರ ಫೆಬ್ರುವರಿ 12ರಂದು. ಸಪೂರ ಸೊಂಟ, ಕೊಡೆಯಂತೆ ಅರಳಿದ ಉದ್ದದ ಲಂಗ. ಒಂದೊಂದು ಲಂಗಕ್ಕೂ ಗಜಗಟ್ಟಲೆ ಬಟ್ಟೆ. ಅಮೆರಿಕದ ಪತ್ರಿಕೆಯೊಂದರ ಸಂಪಾದಕಿ ಅದನ್ನು ‘ನ್ಯೂ ಲುಕ್’ ಎಂದು ಕರೆದರು, ಆ ಹೆಸರೇ ನಿಂತುಬಿಟ್ಟಿತು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು. ಯುದ್ಧದ ಕಾಲದಲ್ಲಿ, 1941ರಲ್ಲಿ ಶುರುವಾದ ಬಟ್ಟೆಯ ಕೂಪನ್ನು ಮುಗಿದದ್ದು 1949ರಲ್ಲಿ. ಊಟದ ರೇಷನ್ನು ಪೂರ್ತಿ ನಿಂತದ್ದು 1954ರಲ್ಲಿ. ಹಳೆಯ ಕೋಟನ್ನೇ ಬಿಚ್ಚಿ ಮಕ್ಕಳಿಗೆ ಅಂಗಿ ಹೊಲಿದ ತಲೆಮಾರು ಅದು. ಹ್ಯಾರಿಸ್‌ಗೆ ಆ ಗೌನು ಕಂಡಾಗ ಯಾಕೆ ಹಾಗಾಯಿತು, ಬಟರ್‌ಫೀಲ್ಡ್‌ಗೆ ಯಾಕೆ ಅಷ್ಟು ಹೆದರಿಕೆಯಾಯಿತು, ಎರಡಕ್ಕೂ ಉತ್ತರ ಇಲ್ಲೇ ಇದೆ. ಇಬ್ಬರೂ ಒಂದೇ ಬಡತನವನ್ನು ಕಂಡವರು. ಒಬ್ಬಳಿಗೆ ಅದು ಒಂದು ಸಲವಾದರೂ ಚಂದದ್ದನ್ನು ಮುಟ್ಟಬೇಕೆಂಬ ಆಸೆ ಹುಟ್ಟಿಸಿತು. ಇನ್ನೊಬ್ಬಳಿಗೆ ಇರುವುದನ್ನೂ ಕಳೆದುಕೊಂಡೇನು ಎಂಬ ಭಯ ಹುಟ್ಟಿಸಿತು.

ಹ್ಯಾರಿಸ್ ಹಟ ಬಿಡಲಿಲ್ಲ. ಬಸ್ಸು ಬಿಟ್ಟು ನಡೆದಳು. ಚಪ್ಪಡಿ ಸವೆದ ಬೂಟಿನೊಳಗೆ ಹಳೆಯ ಪತ್ರಿಕೆ ಮಡಿಸಿ ಇಟ್ಟುಕೊಂಡಳು. ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಕೂಪನ್ನಿನಲ್ಲಿ ಒಮ್ಮೆ ನೂರು ಪೌಂಡಿಗಿಂತ ಸ್ವಲ್ಪ ಹೆಚ್ಚೇ ಬಂತು. ಅದೃಷ್ಟ ಕೈಹಿಡಿಯಿತೆಂದು ಹಿಗ್ಗಿ, ನಾಯಿಗಳ ಓಟದಲ್ಲಿ ಒಂದು ನಾಯಿಯ ಮೇಲೆ 50 ಪೌಂಡು ಕಟ್ಟಿದಳು. ಆ ನಾಯಿಯ ಹೆಸರು ‘ಓಟ್ ಕುಟ್ಯೂರ್’, ಅಂದರೆ ಪ್ಯಾರಿಸ್ಸಿನ ದೊಡ್ಡ ಹೊಲಿಗೆಮನೆಗಳ ಕಲೆಗೆ ಇರುವ ಫ್ರೆಂಚ್ ಹೆಸರು. ಇದು ದೇವರೇ ತೋರಿಸಿದ ಶಕುನ ಎಂದುಕೊಂಡಳು ಪಾಪ. ನಾಯಿ ಸೋತಿತು. ದುಡ್ಡು ಹೋಯಿತು. ನೋಡಿ ಮಕ್ಕಳೇ, ಗ್ಯಾಲಿಕೊ ಇಲ್ಲಿ ಬಟರ್‌ಫೀಲ್ಡ್ ಕಡೆಗೂ ಒಂದು ಅಂಕ ಕೊಟ್ಟಿದ್ದಾರೆ. ಬೆವರಿನ ದುಡ್ಡನ್ನು ಜೂಜಿಗೆ ಹಾಕಿದರೆ ಏನಾಗುತ್ತದೆ ಎಂದು ಎಚ್ಚರಿಸುವವರ ಮಾತಿಗೆ ಬೆಲೆ ಇದೆ.

ಕೊನೆಗೂ ದುಡ್ಡು ಕೂಡಿತು. ಹ್ಯಾರಿಸ್ ಪ್ಯಾರಿಸ್ಸಿಗೆ ಹಾರಿದಳು. ಗೌನು ಕೊಂಡು ಅಂದೇ ಮರಳುವುದು ಅವಳ ಯೋಚನೆ. ಆದರೆ ಡಿಯೋರ್ ಮನೆಯಲ್ಲಿ ಸಿದ್ಧ ಉಡುಪು ಕೈಗೆ ಕೊಟ್ಟು ಕಳಿಸುವ ಪದ್ಧತಿ ಇರಲಿಲ್ಲ. ರೂಪದರ್ಶಿಯರು ಒಬ್ಬೊಬ್ಬರಾಗಿ ಉಡುಪು ತೊಟ್ಟು ನಡೆದು ತೋರಿಸುತ್ತಾರೆ. ಬೇಕಾದದ್ದನ್ನು ಆರಿಸಿದ ಮೇಲೆ ನಿಮ್ಮ ಮೈ ಅಳತೆ ತೆಗೆದು, ಹೊಸದಾಗಿ ಕತ್ತರಿಸಿ, ಮತ್ತೆ ಮತ್ತೆ ತೊಡಿಸಿ ನೋಡಿ ಹೊಲಿಯುತ್ತಾರೆ. ದೀಪಾವಳಿಗೆ ಮುಂಚೆ ದರ್ಜಿಯ ಅಂಗಡಿಗೆ ನಾಲ್ಕು ಸಲ ಅಲೆದ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ! ಹ್ಯಾರಿಸ್ ಮೆಚ್ಚಿದ್ದು ‘ಟೆಂಪ್ಟೇಷನ್’ ಎಂಬ ಹೆಸರಿನ ಗೌನು. ಕಪ್ಪು ವೆಲ್ವೆಟ್ಟು, ಅದರ ಮೇಲೆ ಕಪ್ಪು ಮಣಿಗಳ ಕುಸುರಿ. ಹೆಸರಿನ ಅರ್ಥ ‘ಆಸೆಯ ಸೆಳೆತ’. ಹೊಲಿಗೆ ಮುಗಿಯುವವರೆಗೆ ಒಂದು ವಾರ ಆಕೆ ಅಲ್ಲೇ ಉಳಿಯಬೇಕಾಯಿತು.

ಆ ವಾರದಲ್ಲಿ ಒಂದು ವಿಚಿತ್ರ ನಡೆಯಿತು. ಬ್ಯಾಟರ್‌ಸೀಯಲ್ಲಿ ಬಟರ್‌ಫೀಲ್ಡ್ ಮಾಡುತ್ತಿದ್ದ ಕೆಲಸವನ್ನು ಪ್ಯಾರಿಸ್ಸಿನಲ್ಲಿ ಹ್ಯಾರಿಸ್ ತಾನೇ ಮಾಡತೊಡಗಿದಳು. ಡಿಯೋರ್ ಮನೆಯ ಆ ಬೆಡಗಿನ ಜನರ ನಡುವೆ ನೆಲಕ್ಕೆ ಕಾಲೂರಿದ ಗೆಳತಿ ಈಗ ಅವಳೇ. ಎಲ್ಲರೂ ಕಣ್ಣರಳಿಸಿ ನೋಡುವ ರೂಪದರ್ಶಿ ನತಾಶಾಗೆ ಬೇಕಾಗಿದ್ದದ್ದು ಒಂದು ಸಾದಾ ಮನೆ, ಒಂದು ಸಾದಾ ಸಂಸಾರ. ಅಲ್ಲಿನ ಲೆಕ್ಕ ಬರೆಯುವ ಫೋವೆಲ್ ಎಂಬ ಹುಡುಗನಿಗೆ ಅವಳ ಮೇಲೆ ಪ್ರೀತಿ, ಹೇಳಲು ಬಾಯಿಲ್ಲ. ಮಳಿಗೆಯ ಮೇಲ್ವಿಚಾರಕಿ ಮದಾಂ ಕೋಲ್ಬೇರ್‌ಗೆ ಗಂಡನ ನೌಕರಿಯ ಚಿಂತೆ. ಇವರೆಲ್ಲ ಮಾತು ನುಂಗಿಕೊಂಡು ಬದುಕುತ್ತಿದ್ದರು. ನೆಲ ಒರೆಸುವ ಹೆಂಗಸು ಬಂದು ಇದ್ದದ್ದನ್ನು ಇದ್ದ ಹಾಗೆ ಆಡಿದಾಗ ಒಂದೊಂದೇ ಗಂಟು ಬಿಚ್ಚಿತು. ಹುಡುಗ ಹುಡುಗಿ ಒಂದಾದರು, ಗಂಡನಿಗೆ ಬಡ್ತಿ ಸಿಕ್ಕಿತು.

ಇನ್ನು ಕೊನೆ. ಹೇಳಿಬಿಡುತ್ತೇನೆ, ಯಾಕೆಂದರೆ ಗೆಳತಿಯ ಮಾತಿನ ಬೆಲೆ ತಿಳಿಯುವುದು ಅಲ್ಲೇ. ಲಂಡನ್ನಿಗೆ ಮರಳಿದ ಹ್ಯಾರಿಸ್ ತಾನು ಕೆಲಸಕ್ಕೆ ಹೋಗುತ್ತಿದ್ದ ಮನೆಯ ಯುವ ನಟಿಯೊಬ್ಬಳು ಅಳುತ್ತಿರುವುದನ್ನು ಕಂಡಳು. ಆ ರಾತ್ರಿ ದೊಡ್ಡವರ ಔತಣ, ತೊಡಲು ತಕ್ಕ ಉಡುಪಿಲ್ಲ. ಹ್ಯಾರಿಸ್‌ನ ಮನಸ್ಸು ಕರಗಿತು. ಇನ್ನೂ ತಾನೇ ಒಮ್ಮೆಯೂ ತೊಟ್ಟು ಹೊರಗೆ ಹೋಗದ ಗೌನನ್ನು ಅವಳಿಗೆ ಕೊಟ್ಟುಬಿಟ್ಟಳು. ಮರುದಿನ ಹೋಗಿ ನೋಡಿದರೆ ಗೌನು ಸುಟ್ಟಿದೆ. ಬೆಚ್ಚಗಾಗಲು ಇಟ್ಟಿದ್ದ ವಿದ್ಯುತ್ ಒಲೆಗೆ ತಾಗಿ ಮಣಿಯ ಕುಸುರಿಯೆಲ್ಲ ಹಾಳಾಗಿದೆ. ನಟಿಗೆ ಅದರ ಬಗ್ಗೆ ದೊಡ್ಡ ಬೇಸರವೂ ಇಲ್ಲ.

ವರ್ಷಗಟ್ಟಲೆ ನಡೆದು, ಹಸಿದು, ಕೂಡಿಟ್ಟದ್ದು ಒಂದೇ ರಾತ್ರಿಯಲ್ಲಿ ಹೋಯಿತು. ಒಂದು ವಿಷಯ ಗಮನಿಸಿ. ಗೌನನ್ನು ಕೊಡುವ ಆ ಗಳಿಗೆಯಲ್ಲಿ ಬಟರ್‌ಫೀಲ್ಡ್ ಪಕ್ಕದಲ್ಲಿರಲಿಲ್ಲ. ಇದ್ದಿದ್ದರೆ ಖಂಡಿತ ಅಡ್ಡ ಬರುತ್ತಿದ್ದಳು. ಸಾಲ ಕೇಳುವವರ ಕಣ್ಣೀರು ನೋಡಿ ಕರಗುವುದು ಹ್ಯಾರಿಸ್‌ಳ ಗುಣ. ಆ ಕಣ್ಣೀರಿನ ಹಿಂದೆ ಏನಿದೆ ಎಂದು ಅನುಮಾನಿಸುವುದು ಬಟರ್‌ಫೀಲ್ಡ್‌ಳ ಗುಣ. ಬೇಡ ಎನ್ನುವ ಗೆಳತಿ ಸದಾ ಕಿವಿಯ ಬಳಿ ಇದ್ದರೆ ಕಿರಿಕಿರಿ. ಬೇಕಾದ ಒಂದು ಗಳಿಗೆಯಲ್ಲಿ ಇಲ್ಲದೆ ಹೋದರೆ ಅದರ ನಷ್ಟ ದೊಡ್ಡದು.

ಹಾಗಾದರೆ ಬಟರ್‌ಫೀಲ್ಡ್ ಹೇಳಿದ್ದೇ ಸರಿಯಾಯಿತೇ? ಗೌನು ಕೊಳ್ಳಲೇಬಾರದಿತ್ತೇ? ಅವಸರ ಬೇಡ. ಸುಟ್ಟ ಗೌನನ್ನು ಹಿಡಿದು ಅಳುತ್ತಿದ್ದ ಹ್ಯಾರಿಸ್‌ಳ ಮನೆಗೆ ಪ್ಯಾರಿಸ್ಸಿನಿಂದ ಹೂವು ಬಂತು. ಒಬ್ಬರಿಂದಲ್ಲ, ಕೋಲ್ಬೇರ್, ನತಾಶಾ, ಫೋವೆಲ್, ಬಟ್ಟೆ ಕತ್ತರಿಸಿ ಹೊಲಿದವರು, ಎಲ್ಲರಿಂದಲೂ. ಮನೆ ತುಂಬಿತು. ತಾನು ಕೊಂಡು ತಂದದ್ದು ಗೌನನ್ನಷ್ಟೇ ಅಲ್ಲ, ಇಷ್ಟು ಜನರ ಪ್ರೀತಿಯನ್ನೂ ಎಂದು ಅವಳಿಗೆ ಅರಿವಾಯಿತು. ಬ್ರಿಟನ್ನಿನಲ್ಲಿ ಈ ಪುಸ್ತಕ ‘ಫ್ಲವರ್ಸ್ ಫಾರ್ ಮಿಸೆಸ್ ಹ್ಯಾರಿಸ್’ ಎಂಬ ಹೆಸರಿನಲ್ಲಿ ಬಂದದ್ದು ಇದಕ್ಕೇ. ಅಂದರೆ ವಸ್ತುವಿನ ಲೆಕ್ಕದಲ್ಲಿ ಬಟರ್‌ಫೀಲ್ಡ್ ಗೆದ್ದಳು, ಮನುಷ್ಯರ ಲೆಕ್ಕದಲ್ಲಿ ಹ್ಯಾರಿಸ್ ಗೆದ್ದಳು.

2022ರಲ್ಲಿ ಈ ಕಥೆ ಸಿನಿಮಾ ಆಗಿ ಬಂತು. ನಿರ್ದೇಶಕ ಆಂಟನಿ ಫೇಬಿಯನ್. ಹ್ಯಾರಿಸ್ ಆಗಿ ಲೆಸ್ಲಿ ಮ್ಯಾನ್‌ವಿಲ್, ಗೆಳತಿ ವೈ ಬಟರ್‌ಫೀಲ್ಡ್ ಆಗಿ ಎಲೆನ್ ಥಾಮಸ್. ಅದರಲ್ಲಿ ಕೊನೆಯನ್ನು ಬದಲಿಸಿದ್ದಾರೆ. ಸುಟ್ಟ ಗೌನಿನ ಬದಲು ಡಿಯೋರ್ ಮನೆಯವರು ಇನ್ನೊಂದು ಗೌನು ಕಳಿಸುತ್ತಾರೆ, ಅವಳು ಅದನ್ನು ತೊಟ್ಟು ಕುಣಿಯುತ್ತಾಳೆ. ನೋಡಲು ಚಂದ, ಕಣ್ಣು ತುಂಬಿ ಬರುತ್ತದೆ. ಆದರೆ ನನಗೆ ಪುಸ್ತಕದ ಕೊನೆಯೇ ಹೆಚ್ಚು ಇಷ್ಟ. ಸಿನಿಮಾದಲ್ಲಿ ಹೋದದ್ದು ಮರಳಿ ಬಂದುಬಿಡುತ್ತದೆ, ಗೆಳತಿಯ ಎಚ್ಚರಿಕೆಯ ಮಾತು ಗಾಳಿಗೆ ಹೋಗುತ್ತದೆ. ಪುಸ್ತಕದಲ್ಲಿ ಹೋದದ್ದು ಹೋಯಿತು. ಎಚ್ಚರಿಕೆಯೂ ನಿಜ, ಹೂವೂ ನಿಜ.

ಬಟರ್‌ಫೀಲ್ಡ್‌ಳ ನಿಜವಾದ ಗುಣ ಗೊತ್ತಾಗುವುದು ಮುಂದಿನ ಪುಸ್ತಕದಲ್ಲಿ. 1960ರಲ್ಲಿ ಗ್ಯಾಲಿಕೊ ಹ್ಯಾರಿಸ್‌ಳನ್ನು ನ್ಯೂಯಾರ್ಕಿಗೆ ಕಳಿಸಿದರು. ನೆರೆಮನೆಯಲ್ಲಿ ಹೆನ್ರಿ ಎಂಬ ಪುಟ್ಟ ಹುಡುಗನಿದ್ದಾನೆ. ಸಾಕಿದವರು ಅವನನ್ನು ಹೊಡೆಯುತ್ತಾರೆ. ಅವನ ತಂದೆ ಅಮೆರಿಕದಲ್ಲೆಲ್ಲೋ ಇದ್ದಾನೆ. ಹ್ಯಾರಿಸ್‌ಗೆ ಒಂದೇ ಹಟ: ಹುಡುಗನನ್ನು ತಂದೆಗೆ ಒಪ್ಪಿಸಬೇಕು. ಅಮೆರಿಕಕ್ಕೆ ಹೊರಟಿದ್ದ ದಂಪತಿಗೆ ಮನೆಗೆಲಸಕ್ಕೆ ಒಬ್ಬರು, ಅಡುಗೆಗೆ ಒಬ್ಬರು ಬೇಕಿತ್ತು. ಅಡುಗೆಗೆ ಯಾರು? ಬಟರ್‌ಫೀಲ್ಡ್! ಸಮುದ್ರವೆಂದರೆ ಭಯ, ಅಮೆರಿಕವೆಂದರೆ ಭಯ, ಹುಡುಗನನ್ನು ಕದ್ದು ಹಡಗಿಗೆ ಹತ್ತಿಸುವುದಂತೂ ಜೀವವೇ ಹೋಗುವಷ್ಟು ಭಯ. ಆದರೂ ಹೊರಟಳು. ಗೊಣಗಿದಳು, ನಡುಗಿದಳು, ಹಡಗು ಹತ್ತಿದಳು.

ಇಲ್ಲಿ ನನಗೆ ಆ ಹೆಂಗಸಿನ ಮೇಲೆ ಬಹಳ ಗೌರವ ಬಂತು. ಧೈರ್ಯವಿದ್ದವರು ಹೊರಡುವುದು ಸುಲಭ. ಇದು ಕೆಡುತ್ತದೆ ಎಂದು ನಂಬಿಕೊಂಡೇ ಗೆಳತಿಯ ಜತೆ ಹೊರಡುವುದು ಕಷ್ಟ.

ಈಗ ನಿಮ್ಮ ಶಾಲೆಗೆ ಬನ್ನಿ. ನಿಮಗೂ ಇಂಥ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ಎಲ್ಲರೂ ಹೊಸ ಶೂ ನೋಡಿ ‘ವಾವ್’ ಎಂದಾಗ, ‘ಇಷ್ಟು ದುಡ್ಡು ಕೊಟ್ಟೆಯಾ?’ ಎಂದು ಕೇಳುವವರು. ಅವರ ಮೇಲೆ ಮುನಿಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಬೇಡ ಎಂದವರು ಆಮೇಲೆ ಏನು ಮಾಡುತ್ತಾರೆ? ನಿಮ್ಮ ಯೋಜನೆ ಕೆಟ್ಟಾಗ ‘ನಾನು ಮೊದಲೇ ಹೇಳಿದ್ದೆ’ ಎಂದು ನಕ್ಕು ಹೊರಟುಹೋಗುತ್ತಾರೋ, ಅಥವಾ ಗೊಣಗುತ್ತಲೇ ಬಂದು ಪಕ್ಕದಲ್ಲಿ ಕೂರುತ್ತಾರೋ? ಎರಡನೆಯವರಾದರೆ ಅವರನ್ನು ಬಿಡಬೇಡಿ. ಹೊಟ್ಟೆಕಿಚ್ಚಿನಿಂದ ಬರುವ ‘ಬೇಡ’ ಬೇರೆ, ಕಾಳಜಿಯಿಂದ ಬರುವ ‘ಬೇಡ’ ಬೇರೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಅದೇ ತೊಂದರೆ.

ಅಜ್ಜ ಅಜ್ಜಿಯರಿಗೂ ಒಂದು ಮಾತು, ದಯವಿಟ್ಟು ಬೇಸರಿಸಬೇಡಿ. ಬಟರ್‌ಫೀಲ್ಡ್ ಪ್ರಶ್ನೆ ಕೇಳಿದಳು, ಆದರೆ ಉತ್ತರ ಬಂದ ಮೇಲೆ ಗೆಳತನ ಮುರಿಯಲಿಲ್ಲ. ಮೊಮ್ಮಗಳು ‘ಅದು ನನಗೆ ಬೇಕು’ ಎಂದಾಗ ‘ಯಾಕೆ ಬೇಕು ಪುಟ್ಟಿ?’ ಎಂದು ಕೇಳುವುದು ನಿಮ್ಮ ಹಕ್ಕು. ಅವಳ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದೂ ನಿಮ್ಮದೇ ಕೆಲಸ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆಯನ್ನೇ ಇನ್ನೊಂದು ಗೇಣು ಉದ್ದ ನೇಯುತ್ತೇನೆ ಎಂದು ಹೊರಟ ಮಗುವಿಗೆ ನೂಲು ಸುತ್ತಿ ಕೊಡುವವರೂ ಬೇಕಲ್ಲ!

ಈ ವಾರ ಮನೆಯಲ್ಲಿ ಕೂಡಿ ಮಾಡಲು ಒಂದು ಕೆಲಸ. ನಿಮಗೆ ತುಂಬಾ ಬೇಕೆನಿಸಿರುವ ಒಂದು ವಸ್ತುವಿನ ಹೆಸರು ಬರೆಯಿರಿ. ಅದರ ಬೆಲೆಯನ್ನು ರೂಪಾಯಿಯಲ್ಲಲ್ಲ, ದುಡಿಮೆಯ ಗಂಟೆಯಲ್ಲಿ ಲೆಕ್ಕ ಹಾಕಿ, ಹ್ಯಾರಿಸ್‌ಳ ಗೌನಿಗೆ ಹಾಕಿದಂತೆ. ಅಪ್ಪನೋ ಅಮ್ಮನೋ ಅದಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂದು ಅವರನ್ನೇ ಕೇಳಿ ತಿಳಿಯಿರಿ. ಆಮೇಲೆ ಅಜ್ಜಿ ನಿಮಗೆ ಬಟರ್‌ಫೀಲ್ಡ್ ಆಗಿ ಪ್ರಶ್ನೆ ಕೇಳಲಿ, ನೀವು ಹ್ಯಾರಿಸ್ ಆಗಿ ಉತ್ತರ ಹೇಳಿ. ನಂತರ ಪಾತ್ರ ಬದಲಿಸಿ: ಅಜ್ಜಿಗೆ ಚಿಕ್ಕಂದಿನಲ್ಲಿ ಏನು ಬೇಕಾಗಿತ್ತು, ಯಾರು ಬೇಡ ಎಂದರು ಎಂದು ನೀವು ಕೇಳಿ. ಉತ್ತರ ಬರುವಾಗ ಮಾತ್ರ ನಡುವೆ ಬಾಯಿ ಹಾಕಬೇಡಿ.